ತೊಳೆದು ಮತ್ತೆ ಹಾಕೋ ಏರ್ ಫಿಲ್ಟರೋ, ಕಂಪನಿಯ ಪೇಪರ್ ಫಿಲ್ಟರೋ? (ಅದಿರು ಧೂಳಿನ ರಸ್ತೆ, ಡೀಸೆಲ್ ಗಾಡಿ)

ಕೆಂಪುಧೂಳು:

ಗಾಡಿ ವಿಟಾರಾ ಬ್ರೆಝಾ 1.3 ಡೀಸೆಲ್, 2018ರ ಮಾಡೆಲ್, 86,000 ಕಿ.ಮೀ. ಆಗಿದೆ. ತಿಂಗಳಿಗೆ ಒಂದೂವರೆ ಸಾವಿರ ಕಿ.ಮೀ. ಓಡಾಟ, ಮುಕ್ಕಾಲು ಪಾಲು ಸಂಡೂರು–ಹೊಸಪೇಟೆ ಸುತ್ತಮುತ್ತ, ಅದಿರು ಲಾರಿಗಳ ಹಿಂದೆ. ಫಿಲ್ಟರ್ ಡಬ್ಬಿ ಬಿಚ್ಚಿದರೆ ಒಳಗೆ ಕುಂಕುಮ ಚೆಲ್ಲಿದ ಹಾಗಿರುತ್ತೆ. ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಕಂಪ್ರೆಸರ್ ಗಾಳಿ ಹೊಡೆದು ಅದೇ ಫಿಲ್ಟರ್ ವಾಪಸ್ ಹಾಕ್ತಾರೆ, 20,000ಕ್ಕೊಮ್ಮೆ ಹೊಸದು.

ಈಗ ಕೆ ಆ್ಯಂಡ್ ಎನ್ ಕಂಪನಿಯ ಥರದ, ಎಣ್ಣೆ ಹಚ್ಚಿದ, ತೊಳೆದು ಮತ್ತೆ ಹಾಕೋ ಕಾಟನ್ ಫಿಲ್ಟರ್ ಹಾಕಿಸೋಣ ಅಂತ ಯೋಚನೆ. ಒಮ್ಮೆ ಕೊಂಡರೆ ಗಾಡಿ ಇರೋವರೆಗೂ ಬರುತ್ತೆ ಅಂತಾರೆ. ಕೇಳಬೇಕಾದ್ದು ಇಷ್ಟು: ನಮ್ಮ ಧೂಳಿಗೆ ಅದು ತಡೆಯುತ್ತಾ? ಮೈಲೇಜ್, ಪಿಕಪ್ ಏನಾದ್ರೂ ಏರುತ್ತಾ? ಎಣ್ಣೆ ಹೋಗಿ ಸೆನ್ಸರ್ ಕೆಡುತ್ತೆ ಅನ್ನೋದು ನಿಜಾನಾ? ದುಡ್ಡಿನ ಲೆಕ್ಕದಲ್ಲಿ ಯಾವುದು ಮೇಲು?

ನಾಲ್ಕುಹೊಡೆತ:

ಧೂಳಿನ ಪ್ರಶ್ನೆಗೆ ಮೊದಲು ಉತ್ತರ, ಯಾಕಂದ್ರೆ ನಿಮ್ಮ ರಸ್ತೆಯಲ್ಲಿ ಉಳಿದದ್ದೆಲ್ಲ ಅದರ ಕೆಳಗೇ ಬರೋದು.

ಒಂದು ಲೀಟರ್ ಪೆಟ್ರೋಲ್ ಉರಿಯೋಕೆ ಸುಮಾರು 9,000 ಲೀಟರ್ ಗಾಳಿ ಬೇಕು. ಡೀಸೆಲ್ ಎಂಜಿನ್ ಯಾವಾಗಲೂ ಅಗತ್ಯಕ್ಕಿಂತ ಹೆಚ್ಚು ಗಾಳಿ ಎಳೆದುಕೊಂಡೇ ಓಡುತ್ತೆ, ಹಾಗಾಗಿ ಲೀಟರಿಗೆ ಅದರ ಒಂದೂವರೆ–ಎರಡು ಪಟ್ಟು ಅಂತ ಇಟ್ಕೊಳ್ಳಿ. ಲೀಟರಿಗೆ 20 ಕಿ.ಮೀ. ಕೊಟ್ಟರೂ ತಿಂಗಳಿಗೆ 75 ಲೀಟರ್ ಡೀಸೆಲ್, ಅಂದ್ರೆ ಹತ್ತು ಲಕ್ಷ ಲೀಟರಿಗೂ ಮೇಲೆ ಗಾಳಿ ಆ ಒಂದು ಫಿಲ್ಟರ್ ದಾಟಿ ಹೋಗುತ್ತೆ. ಅದರಲ್ಲಿ ತೇಲೋದು ಬರೀ ಮಣ್ಣಲ್ಲ. ಸಂಡೂರಿನ ಅದಿರು ಬಂಡೆಯಲ್ಲಿ ಹೆಮಟೈಟ್ ಜೊತೆಗೆ ಬೆಣಚುಕಲ್ಲೂ ಪಟ್ಟೆಪಟ್ಟೆಯಾಗಿ ಇರುತ್ತೆ. ಗಡಸುತನದ ಮೋಸ್ ಅಳತೆಯಲ್ಲಿ ಬೆಣಚುಕಲ್ಲು 7, ಹೆಮಟೈಟ್ ಸುಮಾರು 6. ಪಿಸ್ಟನ್ ರಿಂಗ್‌ಗೂ ಲೈನರ್‌ಗೂ (ಸಿಲಿಂಡರಿನ ಒಳಗೋಡೆ) ನಡುವೆ ಈ ಪುಡಿ ಸಿಕ್ಕಿಕೊಂಡರೆ ಮರಳುಕಾಗದ ಉಜ್ಜಿದ ಹಾಗೆ. ಹೆಚ್ಚು ಹಾನಿ ಮಾಡೋದು ಕಣ್ಣಿಗೆ ಕಾಣೋ ದಪ್ಪ ಹರಳಲ್ಲ, ಸುಮಾರು 5ರಿಂದ 20 ಮೈಕ್ರಾನ್‌ನವು. ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ ಇರುತ್ತೆ. ಎಂಜಿನ್ ಆಯಿಲ್‌ನ ಪದರದೊಳಗೆ ನುಸುಳಿ ಎರಡೂ ಕಡೆ ತಾಗುವ ಗಾತ್ರ ಅದು. ಗಾಳಿಯನ್ನ ಒತ್ತಿ ಎಂಜಿನ್‌ಗೆ ತುಂಬೋ ಟರ್ಬೊ ಇರೋದ್ರಿಂದ ಅದರ ಕಂಪ್ರೆಸರ್ ಚಕ್ರದ ರೆಕ್ಕೆಯ ಅಂಚಿಗೂ ಇದೇ ಪುಡಿ ಹೊಡೀತಾ ಹೋಗುತ್ತೆ.

ಇನ್ನು ಶೇಕಡಾ ಲೆಕ್ಕ, ಇಲ್ಲೇ ಎಲ್ಲರೂ ಮೋಸ ಹೋಗೋದು. ಏರ್ ಫಿಲ್ಟರ್ ಪರೀಕ್ಷಿಸೋಕೆ ಐಎಸ್‌ಓ 5011 ಅಂತ ಒಂದು ಕ್ರಮ ಇದೆ: ತೂಗಿದ ಧೂಳನ್ನ ಫಿಲ್ಟರಿಗೆ ಉಣಿಸಿ, ಎಷ್ಟು ನಿಂತಿತು, ಎಷ್ಟು ದಾಟಿತು ಅಂತ ನೋಡ್ತಾರೆ. ಒಂದು ಫಿಲ್ಟರ್ 99.5, ಇನ್ನೊಂದು 98.5 ಅಂತ ಬಂತು ಅನ್ನಿ. ‘ಒಂದೇ ಪರ್ಸೆಂಟ್ ಬಿಡು’ ಅನ್ನಿಸುತ್ತೆ. ಆದ್ರೆ ಎಂಜಿನ್‌ಗೆ ಬೇಕಾದ್ದು ದಾಟಿದ ಭಾಗದ ಲೆಕ್ಕ: 0.5 ಎದುರಿಗೆ 1.5, ಅಂದ್ರೆ ಮೂರು ಪಟ್ಟು ಧೂಳು. ಒಳ್ಳೆ ಪೇಪರ್ ಫಿಲ್ಟರ್ 99ರ ಮೇಲೆ ನಿಲ್ಲುತ್ತೆ. ಕಾಟನ್ ಜಾಲರಿಯವು ಸಾಮಾನ್ಯವಾಗಿ ಅದಕ್ಕಿಂತ ಸ್ವಲ್ಪ ಕೆಳಗೆ, ಎಣ್ಣೆ ಸರಿಯಾಗಿ ಹಚ್ಚಿದ್ದಾಗಲೂ. ಎಣ್ಣೆ ಒಣಗಿದ ಜಾಗದಲ್ಲಿ ಅದು ಬರೀ ಸೀರೆ ಸೆರಗಿನ ಬಟ್ಟೆ.

ಇನ್ನೊಂದು ವಿಷಯ, ನಂಬೋಕೆ ಕಷ್ಟ ಆದ್ರೂ ಸತ್ಯ: ಪೇಪರ್ ಫಿಲ್ಟರ್ ಅತಿ ಕಡಿಮೆ ತಡೆಯೋದು ಹೊಚ್ಚ ಹೊಸದಾಗಿದ್ದಾಗ. ಮೇಲೆ ತೆಳುವಾಗಿ ಧೂಳು ಕೂತ ಮೇಲೆ ಆ ಧೂಳೇ ಇನ್ನೊಂದು ಜರಡಿ ಆಗುತ್ತೆ. ಸರ್ವಿಸ್‌ಗೊಮ್ಮೆ ಗಾಳಿ ಹೊಡೆಸಿ ‘ಕ್ಲೀನ್’ ಮಾಡಿಸೋದು ಆ ಜರಡೀನ ಕಿತ್ತು ಹಾಕಿದ ಹಾಗೆ, ಜೊತೆಗೆ ಕಾಗದಕ್ಕೂ ಪೆಟ್ಟು.

ಲೆಕ್ಕದ ಪುಸ್ತಕ:

ಮೈಲೇಜ್ ಬಗ್ಗೆ ಹೇಳಿಬಿಡ್ತೀನಿ, ಸುಲಭದ ಪ್ರಶ್ನೆ: ಏರಲ್ಲ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದರು. ಇವತ್ತಿನ ಫ್ಯೂಯಲ್ ಇಂಜೆಕ್ಷನ್ ಪೆಟ್ರೋಲ್ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡರೂ ಮೈಲೇಜ್‌ನಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಬರಲಿಲ್ಲ, ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ವೇಗ ಏರೋ ಚುರುಕು ಮಾತ್ರ ಕುಗ್ಗಿತು. ಕಟ್ಟಿಕೊಂಡ ಫಿಲ್ಟರಿನ ಕಥೆಯೇ ಇದು. ಒಳ್ಳೆ ಸ್ಥಿತಿಯ ಪೇಪರ್ ತೆಗೆದು ಕಾಟನ್ ಹಾಕಿದರೆ ಮೈಲೇಜ್ ಎಲ್ಲಿಂದ ಬರಬೇಕು?

ಪಿಕಪ್ ವಿಚಾರಕ್ಕೂ ಅಂಕಿ ನೋಡಿ. ಹೊಸ ಪೇಪರ್ ಫಿಲ್ಟರ್ ದಾಟುವಾಗ ಗಾಳಿ ಕಳೆದುಕೊಳ್ಳೋ ಒತ್ತಡ ಫುಲ್ ಥ್ರಾಟಲ್‌ನಲ್ಲೂ ಹೆಚ್ಚೆಂದರೆ ಒಂದೆರಡು ಕಿಲೋಪಾಸ್ಕಲ್. ಹೊರಗಿನ ಒತ್ತಡ 90–100 ಕಿಲೋಪಾಸ್ಕಲ್. ಫಿಲ್ಟರನ್ನೇ ಕಿತ್ತೆಸೆದರೂ ಸಿಗೋದು ನೂರಕ್ಕೆ ಒಂದೆರಡು. ಹೋಲಿಕೆಗೆ ಹೇಳೋದಾದ್ರೆ, ಬೆಂಗಳೂರಿಂದ ಮಂಗಳೂರಿಗೆ ಘಾಟಿ ಇಳಿದರೆ ಗಾಳಿಯ ಒತ್ತಡ ಪುಕ್ಕಟೆಯಾಗಿ ಸುಮಾರು 10 ಕಿಲೋಪಾಸ್ಕಲ್ ಏರುತ್ತೆ. ನಿಮ್ಮದು ಟರ್ಬೊ ಗಾಡಿ ಬೇರೆ. ಫಿಲ್ಟರಿನಲ್ಲಿ ಸ್ವಲ್ಪ ಒತ್ತಡ ಹೋದರೆ ಟರ್ಬೊ ಅಷ್ಟನ್ನ ತುಂಬಿಕೊಡುತ್ತೆ. ಜನಕ್ಕೆ ಗೊತ್ತಾಗೋ ‘ಪವರ್’ ಮುಕ್ಕಾಲು ಪಾಲು ಶಬ್ದ.

ದುಡ್ಡು: ಪೇಪರ್ ಫಿಲ್ಟರ್ 450 ರೂ., ಕಾಟನ್ ಫಿಲ್ಟರ್ 6,000, ತೊಳೆಯೋ ಕಿಟ್ 1,500 ಅಂತ ಇಟ್ಕೊಂಡು ಹಾಕ್ತಾ ಇದೀನಿ, ನಿಮ್ಮೂರ ಅಂಗಡಿ ಬೆಲೆ ಸೇರಿಸಿ ತಿದ್ದಿಕೊಳ್ಳಿ. ಧೂಳು ಜಾಸ್ತಿ ಅಂತ 10,000ಕ್ಕೊಮ್ಮೆ ಪೇಪರ್ ಬದಲಿಸಿದರೂ ವರ್ಷಕ್ಕೆ ಎರಡು, 900 ರೂ. ಕಾಟನ್‌ಗೆ ಮೊದಲ ದಿನವೇ 7,500. ನಿಮ್ಮ ರಸ್ತೆಯಲ್ಲಿ 15,000ಕ್ಕೊಮ್ಮೆ ತೊಳೀಲೇಬೇಕು, ಮಧ್ಯದಲ್ಲಿ ಎರಡನೇ ಕಿಟ್ ಬೇಕಾಗುತ್ತೆ. ಒಟ್ಟು 9,000. ಅಷ್ಟು ದುಡ್ಡಿಗೆ 20 ಪೇಪರ್ ಫಿಲ್ಟರ್, ಅಂದ್ರೆ ಎರಡು ಲಕ್ಷ ಕಿ.ಮೀ. ನಿಮ್ಮ ಓಡಾಟಕ್ಕೆ ಹನ್ನೊಂದು ವರ್ಷ. ಕಾಟನ್ ಫಿಲ್ಟರಿನ ಡಬ್ಬದ ಮೇಲಿನ ‘80,000 ಕಿ.ಮೀ. ತೊಳೆಯೋದೇ ಬೇಡ’ ಅನ್ನೋ ಮಾತು ಒಳ್ಳೆ ಹೆದ್ದಾರಿಯದ್ದು, ಅದಿರು ಲಾರಿ ಹಿಂದಿನದ್ದಲ್ಲ.

ಗ್ಯಾಸ್ಕೆಟ್:

ಇಬ್ಬರೂ ಫಿಲ್ಟರ್ ಬಗ್ಗೆ ಸರಿಯಾಗಿ ಹೇಳಿದ್ದಾರೆ. ಆದ್ರೆ ಧೂಳು ಎಂಜಿನ್ ಸೇರೋದು ಬಹಳ ಸಲ ಫಿಲ್ಟರ್ ದಾಟಿ ಅಲ್ಲ, ಫಿಲ್ಟರಿನ ಪಕ್ಕದಿಂದ. ಕ್ಲಿಪ್ ಮುರಿದ ಡಬ್ಬಿ, ಅಡ್ಡಾದಿಡ್ಡಿ ಕೂತ ರಬ್ಬರ್ ಅಂಚು, ಅರ್ಧ ಕಚ್ಚಿದ ಸ್ಕ್ರೂ. ಒಂದು ಮಿ.ಮೀ. ಸಂದು ಬಿಟ್ಟರೆ 99.5 ಫಿಲ್ಟರೂ ಒಂದೇ, ಸೊಳ್ಳೆ ಪರದೆಯೂ ಒಂದೇ.

ಈ ವಾರವೇ ಹೀಗೆ ನೋಡಿ. ಎಂಜಿನ್ ತಣ್ಣಗಿರುವಾಗ ಡಬ್ಬಿಯ ಮುಚ್ಚಳ ಎತ್ತಿ. ಫಿಲ್ಟರ್ ಈಚೆ ತೆಗೆಯೋ ಮುಂಚೆ ಅದರ ಒಳಬದಿ, ಅಂದ್ರೆ ಎಂಜಿನ್ ಕಡೆಯ ಮುಖ ನೋಡಿ. ಅಂಚಿನ ಒಂದು ಕಡೆಯಿಂದ ಕೆಂಪು ಗೆರೆ ಬೀಸಣಿಗೆ ಥರ ಹರಡಿದ್ದರೆ ಅಲ್ಲೇ ಸೋರಿಕೆ. ಆಮೇಲೆ ಶುದ್ಧ ಗಾಳಿ ಹೋಗೋ ಪೈಪಿನ ಒಳಗೋಡೆಯನ್ನ ಬಿಳಿ ಬಟ್ಟೆಯಿಂದ ಒರೆಸಿ. ಕೆಂಪು ಹತ್ತಿದರೆ ಧೂಳು ದಾಟಿದೆ ಅಂತ ಲೆಕ್ಕ. ಪೂರ್ತಿ ಒರೆಸಿ, ಹೊಸ ಫಿಲ್ಟರ್ ಹಾಕಿ, 500 ಕಿ.ಮೀ. ಆದ ಮೇಲೆ ಮತ್ತೆ ಒರೆಸಿ ನೋಡಿ. ಈ ಪರೀಕ್ಷೆಗೆ ದುಡ್ಡಿಲ್ಲ, ಯಾವ ಬ್ರ್ಯಾಂಡ್ ಜಗಳವೂ ಇಲ್ಲ.

ಹೊಸದು ಹಾಕುವಾಗ ಮೊದಲು ಪೈಪಿನ ಬಾಯಿಗೆ ಬಟ್ಟೆ ತುರುಕಿ, ಆಮೇಲೆ ಡಬ್ಬಿಯ ತಳದ ಧೂಳು ಒದ್ದೆ ಬಟ್ಟೆಯಿಂದ ಎತ್ತಿ. ಬ್ರಷ್‌ನಿಂದ ಝಾಡಿಸಬೇಡಿ. ರಬ್ಬರ್ ಕೂರೋ ತೋಡಿನ ಉದ್ದಕ್ಕೂ ಬೆರಳಾಡಿಸಿ, ಒಂದು ಹರಳು ಸಿಕ್ಕರೂ ತೆಗೀರಿ. ಫಿಲ್ಟರ್ ಕೂರಿಸಿ, ತುರುಕಿದ ಬಟ್ಟೆ ತೆಗೆದಿದ್ದೀನಾ ಅಂತ ಎರಡು ಸಲ ನೋಡಿ, ಮುಚ್ಚಳ ಮುಚ್ಚಿ. ಸ್ಕ್ರೂ ಇದ್ದರೆ ಎದುರುಬದುರು ಮೂಲೆ ಹಿಡಿದು ಕೈ ಸ್ಕ್ರೂಡ್ರೈವರ್‌ನಲ್ಲೇ ಬಿಗಿ ಮಾಡಿ. ಪವರ್ ಡ್ರೈವರ್ ಹಿಡಿದರೆ ಪ್ಲಾಸ್ಟಿಕ್‌ನ ಸ್ಕ್ರೂ ಮರೆ (ಥ್ರೆಡ್) ಕಿತ್ತು ಹೋಗುತ್ತೆ, ಅಲ್ಲಿಗೆ ಆ ಮೂಲೆ ಶಾಶ್ವತ ಕಿಟಕಿ.

ನಕಲಿ ಮಾಲು ನಿಮ್ಮ ಕಡೆಯೂ ಇರುತ್ತೆ. ಹಳೇ ಅಸಲಿ ಫಿಲ್ಟರಿನ ಮಡಿಕೆ ಎಣಿಸಿಟ್ಟುಕೊಂಡು ಹೊಸದರಲ್ಲೂ ಎಣಿಸಿ. ಮಡಿಕೆ ಕಡಿಮೆ, ಅಂತರ ಏರುಪೇರು, ಅಂಚಿನ ರಬ್ಬರ್ ಒತ್ತಿದರೆ ಸ್ಪಂಜಿನ ಹಾಗೆ ವಾಪಸ್ ಬರದೆ ಗಟ್ಟಿ ಅಂತಾದರೆ ಬೇಡ. ಹಿಂದಿನಿಂದ ಟಾರ್ಚ್ ಬಿಟ್ಟಾಗ ಪೇಪರಿನಲ್ಲಿ ಸಮನಾದ ಮಂಕು ಬೆಳಕು ಬರಬೇಕು, ಚುಕ್ಕಿ ಚುಕ್ಕಿ ಹೊಳೆದರೆ ತೂತು. (ಈ ಟಾರ್ಚ್ ಪರೀಕ್ಷೆಯನ್ನ ಕಾಟನ್ ಫಿಲ್ಟರಿಗೆ ಮಾಡಬೇಡಿ. ಅದರಲ್ಲಿ ಬೆಳಕು ಧಾರಾಳವಾಗಿ ಬರುತ್ತೆ, ಅದರ ಸ್ವಭಾವವೇ ಹಾಗೆ.)

ಸೆನ್ಸರ್ ಮಾತು. ನಿಮ್ಮ ಎಂಜಿನ್‌ನಲ್ಲಿ ಫಿಲ್ಟರ್ ಡಬ್ಬಿ ದಾಟಿದ ಕೂಡಲೇ ಏರ್ ಫ್ಲೋ ಸೆನ್ಸರ್ ಇದೆ, ಮ್ಯಾಫ್ ಅಂತಾರೆ. ಬಿಸಿ ಮಾಡಿದ ತೆಳು ಪದರದ ಮೇಲೆ ಗಾಳಿ ಹಾಯ್ದು ಎಷ್ಟು ತಣ್ಣಗಾಯ್ತು ಅನ್ನೋದರಿಂದ ಗಾಳಿಯ ತೂಕ ಅಳೆಯುತ್ತೆ. ಅದರ ಮೇಲೆ ಎಣ್ಣೆ ಕೂತು, ಎಣ್ಣೆಗೆ ಧೂಳು ಅಂಟಿದರೆ ಅದಕ್ಕೆ ಕಂಬಳಿ ಹೊದಿಸಿದ ಹಾಗೆ, ಬಂದ ಗಾಳಿಗಿಂತ ಕಡಿಮೆ ತೋರಿಸೋಕೆ ಶುರು. ಡೀಸೆಲ್‌ನಲ್ಲಿ ಇಸಿಯು (ಎಂಜಿನ್‌ನ ಕಂಪ್ಯೂಟರ್) ಆ ಅಂಕಿ ನಂಬಿ ಹೊಗೆ ಬರಬಾರದು ಅಂತ ಇಂಧನ ಕಡಿಮೆ ಮಾಡುತ್ತೆ, ಗಾಡಿ ಎಳೆಯಲ್ಲ. ಸ್ಕ್ಯಾನರ್‌ನಲ್ಲಿ ಪಿ0101 ಅನ್ನೋ ದೋಷದ ಕೋಡ್ ಬರಬಹುದು. ಪೆಟ್ರೋಲ್ ಗಾಡಿಯಾದ್ರೆ ಮಿಶ್ರಣದಲ್ಲಿ ಇಂಧನ ಕಡಿಮೆಯಾಗಿ ಪಿ0171. ಸರಿಯಾಗಿ ಎಣ್ಣೆ ಹಚ್ಚಿದ ಫಿಲ್ಟರಿನಿಂದ ಸೆನ್ಸರ್ ಕೆಡಲ್ಲ ಅಂತ ತಯಾರಕರು ಹೇಳ್ತಾರೆ. ಆ ‘ಸರಿಯಾಗಿ’ ಅನ್ನೋ ಪದದ ಮೇಲೇ ಎಲ್ಲಾ ನಿಂತಿರೋದು. ತೊಂದರೆ ಬರೋದು ಮನೆಯಲ್ಲಿ ತೊಳೆದು ಧಾರಾಳವಾಗಿ ಎಣ್ಣೆ ಸುರಿದ ಮೇಲೆ.

ಘಾಟಿರಸ್ತೆ:

ಎಲ್ಲರೂ ಸೇರಿ ಕಾಟನ್ ಫಿಲ್ಟರನ್ನ ಗಲ್ಲಿಗೇರಿಸಿದ್ದೀರಿ, ಸ್ವಲ್ಪ ಪರವಾಗಿಯೂ ಮಾತಾಡ್ತೀನಿ. ಪೇಪರ್ ಫಿಲ್ಟರೇ ಎರಡು–ಮೂರು ಸಾವಿರ ಇರೋ ಆಮದು ಗಾಡಿ, ವರ್ಷಕ್ಕೆ 40–50 ಸಾವಿರ ಕಿ.ಮೀ. ಹೆದ್ದಾರಿ ಓಡಾಟ, ಅಥವಾ ಟ್ರ್ಯಾಕ್‌ಗೆ ಇಳಿಸೋಕೆ ಟ್ಯೂನ್ ಮಾಡಿ ಗಾಳಿಯ ಬೇಡಿಕೆ ನಿಜವಾಗಲೂ ಏರಿರೋ ಎಂಜಿನ್: ಇಂಥ ಕಡೆ ಅದಕ್ಕೆ ಅರ್ಥ ಇದೆ. ಎಣ್ಣೆ ಬೇಡದ, ಒಣ ಸಿಂಥೆಟಿಕ್ ತೊಳೆಯೋ ಫಿಲ್ಟರೂ ಇವೆ, ಅವುಗಳಲ್ಲಿ ಸೆನ್ಸರ್ ಭಯ ಇಲ್ಲ. ಆದ್ರೆ ನುಣ್ಣನೆ ಧೂಳಿಗೆ ಅವೂ ಪೇಪರ್ ಸಮ ಅಂತ ಹೇಳಲಾರೆ. ಕೆಂಪುಧೂಳು ಅವರ ರಸ್ತೆಗೆ ನನ್ನ ವೋಟೂ ಪೇಪರಿಗೇ.

ಆದ್ರೂ ಕೊಂಡೇ ಕೊಳ್ಳೋರು ತೊಳೆಯೋದು ಹೀಗೆ. ಮೊದಲು ಒಣಗಿದ್ದಾಗಲೇ ಮೆತ್ತಗೆ ತಟ್ಟಿ ದಪ್ಪ ಧೂಳು ಉದುರಿಸಿ, ಮೃದು ಬ್ರಷ್ ಆಡಿಸಿ. ಕಿಟ್‌ನ ಕ್ಲೀನರ್ ಎರಡೂ ಬದಿಗೆ ಸಿಂಪಡಿಸಿ 10 ನಿಮಿಷ ಬಿಡಿ. ಒಣಗೋಕೆ ಬಿಡಬೇಡಿ, ಒಣಗಿದರೆ ಕೊಳೆ ಮತ್ತೆ ಅಂಟಿಕೊಳ್ಳುತ್ತೆ. ನೀರು ನಲ್ಲಿಯ ಸಣ್ಣ ಧಾರೆ ಸಾಕು, ಎಂಜಿನ್ ಕಡೆಯ ಮುಖದಿಂದ ಹೊರಮುಖದ ಕಡೆಗೆ ಹೋಗಬೇಕು. ಉಲ್ಟಾ ಹಿಡಿದರೆ ಧೂಳು ಒಳಗೇ ಇಳಿಯುತ್ತೆ. ನೀರು ತಿಳಿಯಾಗೋವರೆಗೆ. ವಾಟರ್ ಸರ್ವಿಸ್ ಗನ್ ಬೇಡ, ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಬೇಡವೇ ಬೇಡ, ಅಂಚಿನ ರಬ್ಬರ್ ಹಾಳಾಗುತ್ತೆ. ನೀರು ಝಾಡಿಸಿ ನೆರಳಲ್ಲಿ ಒಣಗಿಸಿ. ಬೇಸಿಗೆಯಲ್ಲಿ ಆರೇಳು ಗಂಟೆ, ಮಲೆನಾಡಿನ ಮಳೆಗಾಲದಲ್ಲಿ ಇಡೀ ದಿನ. ಹೇರ್ ಡ್ರೈಯರ್, ಕಂಪ್ರೆಸರ್ ಎರಡೂ ಹತ್ತಿ ಎಳೆ ಕುಗ್ಗಿಸ್ತವೆ, ಹರೀತವೆ. ಅಷ್ಟೂ ಹೊತ್ತು ಗಾಡಿ ನಿಂತಿರಬೇಕು, ಇಲ್ಲಾ ಬದಲಿಗೆ ಒಂದು ಪೇಪರ್ ಫಿಲ್ಟರ್ ಮನೆಯಲ್ಲಿ ಇರಬೇಕು. (ನಗು ಬರುತ್ತೆ ಅಲ್ವಾ.)

ಪೂರ್ತಿ ಒಣಗಿದ ಮೇಲೆ ಎಣ್ಣೆ. ಮಡಿಕೆಯ ಏಣಿನ ಮೇಲೆ, ಮಡಿಕೆಗೆ ಒಂದೇ ಸಲ, ತೆಳು ಗೆರೆ. 20 ನಿಮಿಷ ಬಿಟ್ಟು ನೋಡಿದರೆ ಎಣ್ಣೆಯ ಕೆಂಪು ಬಣ್ಣ ಹರಡಿರುತ್ತೆ. ಬಿಳಚಿದ ಜಾಗ ಉಳಿದಿದ್ದರೆ ಅಲ್ಲಿಗೆ ಮಾತ್ರ ಒಂದಿಷ್ಟು, ಮತ್ತೆ 20 ನಿಮಿಷ. ಸಾಮಾನ್ಯ ಚೌಕ ಫಿಲ್ಟರಿಗೆ 25–40 ಮಿ.ಲೀ. ಒಳಗೆ ಮುಗಿಯಬೇಕು, ನಿಮ್ಮ ಫಿಲ್ಟರಿಗೆ ಎಷ್ಟು ಅಂತ ತಯಾರಕರ ಪಟ್ಟಿ ನೋಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಮೊದಲು, ಆಮೇಲೆ ತೂಗಿದರೆ ಅಂದಾಜು ತಪ್ಪಲ್ಲ. ಹೆಚ್ಚಾದದ್ದು ಅಂಚಿನಲ್ಲಿ ಜಿನುಗಿದರೆ ಟಿಶ್ಯೂ ಮೇಲೆ ರಾತ್ರಿಯಿಡೀ ನಿಲ್ಲಿಸಿ ಹೀರಿಸಿ. ಎಂಜಿನ್ ಆಯಿಲ್ ಹಚ್ಚಬೇಡಿ, ಅದು ಹರಿದು ಕೆಳಗೆ ಸೇರುತ್ತೆ. ಕೊಬ್ಬರಿ ಎಣ್ಣೆ ಹಚ್ಚಿದರೆ ಹೇಗೆ ಅಂತ ಕೇಳೋರೂ ಇದ್ದಾರೆ. ಅದು ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತೆ, ಡಿಸೆಂಬರ್ ಬೆಳಿಗ್ಗೆ ಗಾಡಿ ಉಸಿರು ಕಟ್ಟಿ ನಿಲ್ಲುತ್ತೆ.

ಕೆಂಪುಧೂಳು:

ಎಲ್ಲರಿಗೂ ಧನ್ಯವಾದ. ಪೇಪರ್ ಅಂತಲೇ ಆಯ್ತು. ಇನ್ನು ಮೂರು ಸಣ್ಣ ಅನುಮಾನ. ಗಾಳಿ ಹೊಡೆಸೋದನ್ನ ಪೂರ್ತಿ ನಿಲ್ಲಿಸಬೇಕಾ? ಟ್ರ್ಯಾಕ್ಟರ್‌ನಲ್ಲಿ ಎಣ್ಣೆ ತುಂಬಿದ ಏರ್ ಕ್ಲೀನರ್ ಇರುತ್ತಲ್ಲ, ಹೊಲದ ಧೂಳಿಗೆ ಅದು ತಡೆಯುತ್ತೆ, ಇದು ಯಾಕೆ ತಡೆಯಲ್ಲ? ಮೂರನೇದು, ಗಾಳಿ ಎಳೆಯೋ ಕೊಳವೆಯ ಬಾಯಿಗೆ ಸಾಕ್ಸ್ ಕಟ್ಟಿದರೆ ಫಿಲ್ಟರ್ ಜಾಸ್ತಿ ಬಾಳುತ್ತೆ ಅಂತ ಒಬ್ಬರು ಹೇಳಿದ್ರು.

ನಾಲ್ಕುಹೊಡೆತ:

ಟ್ರ್ಯಾಕ್ಟರಿನದ್ದು ಬೇರೆ ಕೆಲಸ. ಅಲ್ಲಿ ಗಾಳಿ ಕೆಳಗಿಳಿದು ಎಣ್ಣೆ ಬಟ್ಟಲಿನ ಮೇಲೆ ಥಟ್ಟನೆ ತಿರುಗುತ್ತೆ. ಧೂಳಿನ ಕಣ ಭಾರಕ್ಕೆ ತಿರುಗಲಾರದೆ ಎಣ್ಣೆಗೆ ಬೀಳುತ್ತೆ, ಉಳಿದದ್ದು ಮೇಲಿನ ತಂತಿ ಉಂಡೆಯಲ್ಲಿ ಅಂಟುತ್ತೆ. ದಪ್ಪ ಧೂಳಿಗೆ ಸೊಗಸು, ನುಣ್ಣನೆಯದಕ್ಕೆ, ಅದರಲ್ಲೂ ಕಡಿಮೆ ಆರ್‌ಪಿಎಂನಲ್ಲಿ ಅಷ್ಟಕ್ಕಷ್ಟೆ. ಗಾಳಿಯ ವೇಗ ಇಲ್ಲದಿದ್ದರೆ ಕಣ ಎಣ್ಣೆಗೆ ಬೀಳೋದೇ ಇಲ್ಲ. ಹೊಸ ಟ್ರ್ಯಾಕ್ಟರುಗಳಲ್ಲಿ ಒಣ ಪೇಪರ್ ಫಿಲ್ಟರ್ ಬಂದಿರೋದು ಸುಮ್ಮನೆ ಅಲ್ಲ.

ಗ್ಯಾಸ್ಕೆಟ್:

ಗಾಳಿ ಹೊಡೆಯೋದು: ನಿಲ್ಲಿಸಿದರೆ ಉತ್ತಮ. ಗ್ಯಾರೇಜ್ ಕಂಪ್ರೆಸರ್ 100 ಪಿಎಸ್‌ಐ ಮೇಲಿರುತ್ತೆ, ನಳಿಕೆಯನ್ನ ಕಾಗದಕ್ಕೆ ಆನಿಸಿ ಹೊಡೀತಾರೆ, ಕಣ್ಣಿಗೆ ಕಾಣದ ಸೀಳು ಬೀಳುತ್ತೆ. ಹೊಸದು ಸಿಗೋವರೆಗೆ ಹೊಡೆಯಲೇಬೇಕಾದ್ರೆ 30 ಪಿಎಸ್‌ಐ ಒಳಗೆ ಇಳಿಸಿ, ಎಂಜಿನ್ ಕಡೆಯ ಮುಖದಿಂದ, ಒಂದು ಗೇಣು ದೂರದಿಂದ, ಒಂದೇ ಸಲ. ನೆಲಕ್ಕೆ ಬಡಿಯೋದೂ ತಪ್ಪು, ಚೌಕಟ್ಟು ಸೊಟ್ಟಗಾಗಿ ಸಂದು ಬೀಳುತ್ತೆ.

ಸಾಕ್ಸ್ ಬೇಡ. ಮಳೆಯಲ್ಲಿ ನೆನೆದರೆ ಬಾಯಿ ಮುಚ್ಚಿಕೊಳ್ಳುತ್ತೆ, ಸಡಿಲವಾದರೆ ಒಳಗೆ ಹೀರಿಕೊಂಡು ಹೋಗುತ್ತೆ. ಆದ್ರೆ ಆ ಬಾಯಿಯ ಮೇಲೆ ಒಂದು ಕಣ್ಣಿರಲಿ. ಡಿಸೆಂಬರ್–ಜನವರಿಯಲ್ಲಿ ರಸ್ತೆ ಮೇಲೆ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡ್ತಾರಲ್ಲ, ಅದರ ಮೇಲೆ ಹಾದು ಬಂದ ಗಾಡಿಯ ಡಬ್ಬಿಯಲ್ಲಿ ಹೊಟ್ಟು ಮುಷ್ಟಿಗಟ್ಟಲೆ ಸೇರುತ್ತೆ. ಆ ಕಾಲದಲ್ಲಿ ಎರಡು ವಾರಕ್ಕೊಮ್ಮೆ ಮುಚ್ಚಳ ತೆಗೆದು ನೋಡಿ. ಫಿಲ್ಟರ್ ನೆನೆದಿದ್ದರೆ, ಒಣಗಿಸಿ ಮತ್ತೆ ಹಾಕೋ ಆಸೆ ಬೇಡ, ಬದಲಿಸಿ.

ಕೆಂಪುಧೂಳು:

ಇವತ್ತು ಬಿಚ್ಚಿದೆ. ಎಡ ಹಿಂದಿನ ಮೂಲೆಯಿಂದ ಕೆಂಪು ಗೆರೆ ಇದೆ, ಬಿಳಿ ಬಟ್ಟೆಗೂ ಸ್ವಲ್ಪ ಹತ್ತಿತು. ಆ ಕಡೆಯ ಕ್ಲಿಪ್ ಸಡಿಲ. ಸೆನ್ಸರಿಗೂ ಧೂಳು ತಾಗಿರುತ್ತೆ, ಅದನ್ನ ಒರೆಸಬಹುದಾ?

ಗ್ಯಾಸ್ಕೆಟ್:

ಒರೆಸಬೇಡಿ, ಕಿವಿಗೆ ಹಾಕೋ ಹತ್ತಿಕಡ್ಡಿಯನ್ನೂ ಮುಟ್ಟಿಸಬೇಡಿ. ಇಗ್ನಿಷನ್ ಆಫ್ ಮಾಡಿ ಕನೆಕ್ಟರ್ ಬಿಚ್ಚಿ, ಎರಡು ಸ್ಕ್ರೂ ತೆಗೆದು ಸೆನ್ಸರ್ ನೇರ ಮೇಲಕ್ಕೆ ಎಳೀರಿ. ಮ್ಯಾಫ್ ಕ್ಲೀನರ್ ಅಂತಲೇ ಬರೆದಿರೋ ಸ್ಪ್ರೇ 10–15 ಸಲ ಚಿಮ್ಮಿಸಿ, ಅರ್ಧ ಗಂಟೆ ತಾನಾಗಿ ಒಣಗಲಿ. ಕಾರ್ಬ್ಯುರೇಟರ್ ಕ್ಲೀನರ್ ಹೊಡೆದರೆ ಪ್ಲಾಸ್ಟಿಕ್ ಕೆಡುತ್ತೆ. ಗಾಡಿ ಎಳೆಯೋದು ಸರಿ ಇದ್ದು, ಕೋಡ್ ಬಂದಿಲ್ಲದಿದ್ದರೆ ಈಗ ಅದರ ತಂಟೆಗೇ ಹೋಗಬೇಡಿ. ಮೊದಲು ಕ್ಲಿಪ್. ಬರೀ ಕ್ಲಿಪ್ ಸಿಕ್ಕದಿದ್ದರೆ ಡಬ್ಬಿಯ ಮೇಲಿನ ಭಾಗವನ್ನೇ ಬದಲಿಸಿ, ಟೇಪ್ ಸುತ್ತಿದ್ದು ಎಂಜಿನ್ ಬಿಸಿಗೆ ವಾರದಲ್ಲಿ ಬಿಟ್ಟುಕೊಳ್ಳುತ್ತೆ.

ಲೆಕ್ಕದ ಪುಸ್ತಕ:

ಕೊಳ್ಳುವಾಗ ಎರಡು ಪೇಪರ್ ಫಿಲ್ಟರ್ ತಗೊಳ್ಳಿ. ಹಾಕುವಾಗ ಪ್ಲಾಸ್ಟಿಕ್ ಅಂಚಿನ ಮೇಲೆ ಮಾರ್ಕರ್‌ನಲ್ಲಿ ತಾರೀಖು, ಕಿ.ಮೀ. ಬರೆಯಿರಿ. ಸರ್ವಿಸ್‌ನಿಂದ ಬಂದ ಮೇಲೆ ಬಿಲ್‌ನಲ್ಲಿ ‘ಏರ್ ಫಿಲ್ಟರ್ ಬದಲು’ ಅಂತಿದ್ದರೆ ಮುಚ್ಚಳ ತೆಗೆದು ನಿಮ್ಮ ಬರಹ ಇನ್ನೂ ಅಲ್ಲೇ ಇದೆಯಾ ನೋಡಿ.